ಪುಸ್ತಕದಲ್ಲಿ ಹೀಗಿಲ್ಲ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮಟ್ಟ ಬೇಕು ಎಂದು ನಂಬಿದ್ದವನು ನಾನು. ಜೊತೆಗೆ ಕೆಲಸಕ್ಕೆ ಸೇರಿದವನಿಗೆ ಮೊದಲು ಬಡ್ತಿ ಸಿಕ್ಕಿದರೆ, ಷಡ್ಡಕ ಕಾರು ಕೊಂಡು ಅದನ್ನು ನಮ್ಮ ಮನೆ ಮುಂದೆಯೇ ತಂದು ನಿಲ್ಲಿಸಿದರೆ, ಹೊಟ್ಟೆ ಉರಿಯುವುದರಲ್ಲಿ ಒಂದು ಮರ್ಯಾದೆ ಇದೆ. ಯಾರಿಗಾದರೂ ಹೇಳಿಕೊಂಡರೆ ಅವರೂ ತಲೆಯಾಡಿಸುತ್ತಾರೆ. ಆದರೆ ನಲವತ್ತೆರಡು ವರ್ಷದ, ಕನ್ನಡಕ ಬಂದ ಮನುಷ್ಯನೊಬ್ಬ ಕಾರ್ಖಾನೆಗೆ ಹೊಸದಾಗಿ ಸೇರಿದ ಟ್ರೈನಿಯ ಮೇಲೆ, ಅದೂ ಅವನಿಗೆ ಇಂಗ್ಲಿಷ್ ಸಿನಿಮಾ ಅರ್ಥವಾಗುತ್ತದೆ ಎಂಬ ಒಂದೇ ತಪ್ಪಿಗೆ, ಕರುಬಿದ ಎಂದರೆ ಯಾರ ಮುಂದೆ ಹೇಳಿಕೊಳ್ಳುವುದು? ನಿಮ್ಮ ಮುಂದೆ ಹೇಳುತ್ತೇನೆ. ನೀವು ನಮ್ಮ ಸೊಸೈಟಿಯವರಲ್ಲ ಎಂಬ ಧೈರ್ಯ.

ನನ್ನದು ವಡೋದರಾದ ಮಕರಪುರದಲ್ಲಿ, ಟ್ರಾನ್ಸ್‌ಫಾರ್ಮರ್ ಟೆಸ್ಟ್ ಮಾಡುವ ಕೆಲಸ. ಮೀಟರು ನೋಡುವುದು, ಬರೆದುಕೊಳ್ಳುವುದು. ಬಾಯಿಗೆ ಅಲ್ಲಿ ಕೆಲಸವಿಲ್ಲ. ನಾವಿರುವ ಕಾಲೋನಿಗೆ ಅಲ್ಲಿಯವರು ಸೊಸೈಟಿ ಎನ್ನುತ್ತಾರೆ; ಅದರಲ್ಲಿ ಮೂರು ಕನ್ನಡದ ಸಂಸಾರಗಳು. ಊರಿಗೆ ಆಗ ತಾನೇ ಮಲ್ಟಿಪ್ಲೆಕ್ಸ್ ಬಂದಿತ್ತು. ಗುಜರಾತಿನ ಬೇಸಿಗೆಯಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆ ತಣ್ಣಗೆ ಕೂರಲು ಸಿಗುವುದಾದರೆ ಪರದೆಯ ಮೇಲೆ ಏನು ಬೇಕಾದರೂ ನಡೆಯಲಿ ಎಂಬುದು ನಮ್ಮ ಮನೆಯಾಕೆ ವಿಮಲಳ ಅಭಿಪ್ರಾಯ. ಆದರೆ ಇಂಗ್ಲಿಷ್ ಸಿನಿಮಾದ ಮಾತು ಅವಳಿಗೂ ಅರ್ಥವಾಗದು, ಪಕ್ಕದ ಮನೆಯ ಹುಬ್ಬಳ್ಳಿಯ ಪದ್ಮಕ್ಕನಿಗೂ ಅರ್ಥವಾಗದು. ಮಕ್ಕಳಿಗೆ ಅರ್ಥವಾಗುತ್ತದೆ, ಆದರೆ ಅವರ ಕನ್ನಡ ಊಟ ಕೇಳುವಷ್ಟಕ್ಕೇ ಮುಗಿದುಹೋಗುತ್ತದೆ. ಮೇಲಾಗಿ ಅವರು ನಮ್ಮ ಸಾಲಿನಲ್ಲಿ ಕೂರುವುದೂ ಇಲ್ಲ. ಹಾಗಾಗಿ ಸಿನಿಮಾವನ್ನು ಪಿಸುಮಾತಿನಲ್ಲಿ ಕನ್ನಡಕ್ಕೆ ತಂದುಕೊಡುವ ಕೆಲಸ ಬಿ.ಇ. ಓದಿದ ನನ್ನ ಪಾಲಿಗೆ ಬಂತು. ಎಡಕ್ಕೆ ವಿಮಲ, ಬಲಕ್ಕೆ ಪದ್ಮಕ್ಕ, ನಡುವೆ ನಾನು.

ಇಲ್ಲೊಂದು ತಪ್ಪೊಪ್ಪಿಗೆ. ಟ್ರಾನ್ಸ್‌ಫಾರ್ಮರಿನ ಮ್ಯಾನ್ಯುಯಲ್ ಎಂಥ ಇಂಗ್ಲಿಷಿನಲ್ಲಿದ್ದರೂ ನಾನು ಓದಬಲ್ಲೆ. ಆದರೆ ಅಮೆರಿಕದವರು ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡವರ ಹಾಗೆ ಮಾತಾಡುತ್ತಾರೆ. ಹತ್ತು ಮಾತಿನಲ್ಲಿ ನನಗೆ ತಿಳಿಯುತ್ತಿದ್ದದ್ದು ಒಂದು. ಉಳಿದ ಒಂಬತ್ತನ್ನು ನಾನೇ ಕಟ್ಟುತ್ತಿದ್ದೆ. ಕಟ್ಟುವಾಗ ಧಾರಾಳವಾಗಿಯೇ ಕಟ್ಟುತ್ತಿದ್ದೆ. ಕಳೆದುಹೋದ ತಂಗಿ, ಅರ್ಧಕ್ಕೆ ನಿಂತ ಮದುವೆ, ಸಾಯುವಾಗ ತಾಯಿ ಮಗನಿಂದ ಮಾಡಿಸಿಕೊಂಡ ಆಣೆ, ಒಂದಕ್ಕೂ ಕೊರತೆಯಿರಲಿಲ್ಲ. ಒಮ್ಮೆ ನಾಯಕನನ್ನು ನಾಯಕಿಯ ಅಣ್ಣ ಎಂದು ಹೇಳಿ ಅರ್ಧ ಗಂಟೆ ನಡೆಸಿಕೊಂಡು ಹೋದೆ. ಆಮೇಲೆ ಅವರಿಬ್ಬರೂ ಪರದೆಯ ಮೇಲೆ ಅಣ್ಣ-ತಂಗಿ ಮಾಡಬಾರದ ಕೆಲಸಕ್ಕೆ ಇಳಿದರು. ಪದ್ಮಕ್ಕ "ಅಯ್ಯ ಶಿವನ! ಇದೇನ್ರೀ ಇದು?" ಎಂದರು. ಆ ಕ್ಷಣದಲ್ಲಿ ನನ್ನ ಬಾಯಿಗೆ ಆ ವಾಕ್ಯ ಬಂತು: "ಪುಸ್ತಕದಲ್ಲಿ ಹೀಗಿಲ್ಲ. ಇವರು ಸಿನಿಮಾ ಮಾಡುವಾಗ ಕೆಡಿಸಿದ್ದಾರೆ."

ಆ ಒಂದು ವಾಕ್ಯದ ಮೇಲೆ ನಾನು ಮೂರು ವರ್ಷ ಬದುಕಿದೆ. ನನ್ನ ಕಥೆಗೂ ಪರದೆಗೂ ತಾಳ ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಹೀಗಿಲ್ಲ. ಸೊಸೈಟಿಯ ಕನ್ನಡಿಗರಲ್ಲಿ ನಾನು ದೊಡ್ಡ ಓದುಗನೆಂದು ಹೆಸರಾಯಿತು. ಯಾವ ಪುಸ್ತಕ ಎಂದು ಒಬ್ಬರೂ ಕೇಳಲಿಲ್ಲ.

ಹೀಗಿರುವಾಗ ಆ ಟ್ರೈನಿ, ದಾವಣಗೆರೆಯ ಪ್ರಮೋದ, ಬಂದ. ಬ್ರಹ್ಮಚಾರಿ, ಹೋಟೆಲ್ ಊಟ, ಪಾಪ ಎಂದು ನಾನೇ ಮನೆಗೆ ಕರೆದುಕೊಂಡು ಬಂದವನು. ಬಂದ ಮೊದಲ ದಿನವೇ ವಿಮಲಳನ್ನು "ಅಕ್ಕಾ" ಎಂದ, ನನ್ನನ್ನು "ಅಂಕಲ್" ಎಂದ. ಅಕ್ಕನ ಗಂಡ ಅಂಕಲ್ ಆಗುವುದು ಯಾವ ಲೆಕ್ಕದಲ್ಲಿ ಎಂದು ನಾನು ಒಂದು ವಾರ ಯೋಚಿಸಿದೆ. ವಿಮಲ ಆ ವಾರವೆಲ್ಲ ನಗುನಗುತ್ತಲೇ ಇದ್ದಳು.

ಆ ಬೇಸಿಗೆಗೆ ಒಂದು ಭಾರೀ ಚಿತ್ರ ಬಂತು. ಹಾರುವ ಮನುಷ್ಯನ ಕಥೆ. ಮಕ್ಕಳ ಕಾಮಿಕ್ಸ್ ಪುಸ್ತಕದಿಂದ ತೆಗೆದದ್ದು, ನೀರಿನಂತೆ ಹಣ ಸುರಿದದ್ದು. ಪ್ರಮೋದನೂ ಬಂದು ಪದ್ಮಕ್ಕನ ಆಚೆ ಕೂತ. ನಾಯಕ ಒಬ್ಬ ಪುಕ್ಕಲು ಗುಮಾಸ್ತ. ಸಬ್‌ಸ್ಟೇಷನ್ನಿನಲ್ಲಿ ಅವನಿಗೆ ಲಕ್ಷಾಂತರ ವೋಲ್ಟು ಹೊಡೆಯುತ್ತದೆ. "ಸತ್ತ," ಎಂದೆ ನಾನು, ವೃತ್ತಿಯ ಅಧಿಕಾರದಿಂದ. ಅವನು ಎದ್ದು ಹಾರಿದ. "ಇವನು ಅವಳಿ ತಮ್ಮ," ಎಂದೆ. ಅಷ್ಟರಲ್ಲಿ ಪದ್ಮಕ್ಕನ ಆಚೆಯಿಂದ ಮೃದುವಾದ ದನಿ ಬಂತು: "ಇಲ್ಲ ಆಂಟಿ, ಅವನೇ. ಕರೆಂಟು ಮೈಯಾಗೆ ಉಳ್ಕಂಡೈತೆ, ಅದಕ್ಕೇ ಹಾರ್ತಾನೆ." ಪದ್ಮಕ್ಕ ಆ ಕಡೆಗೆ ವಾಲಿದರು. ಮತ್ತೆ ಈ ಕಡೆಗೆ ವಾಲಲೇ ಇಲ್ಲ. ಇಂಟರ್ವಲ್ ಆಯಿತು. ನಾನು ಎಲ್ಲರಿಗೂ ಸಮೋಸ ತಂದೆ. ತರುವಷ್ಟರಲ್ಲಿ ವಿಮಲ ಎದ್ದು ಹೋಗಿ ಪ್ರಮೋದನ ಪಕ್ಕ ಕೂತಿದ್ದಳು. "ಅಲ್ಲಿ ಏ.ಸಿ. ಜಾಸ್ತಿ ಹೊಡೀತಿತ್ತು ರೀ," ಎಂದಳು. ಉಳಿದರ್ಧ ಸಿನಿಮಾವನ್ನು ನಾನು ನೆಟ್ಟಗೆ ನೋಡಲಿಲ್ಲ. ಅವಳ ತಲೆ ಅವನ ಮಾತಿಗೆ ಅಲ್ಲಾಡುವುದನ್ನು ನೋಡಿದೆ. ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ತಪ್ಪನ್ನು ಸಮೋಸದ ಮೇಲೆ ಹಾಕೋಣವೆಂದರೆ ಅದನ್ನು ನಾನು ತಿಂದೇ ಇರಲಿಲ್ಲ.

ಸಂಜೆ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಕಾಫಿ, ವಿಮರ್ಶೆ. ನಿಜ ಹೇಳುತ್ತೇನೆ, ಆ ಗುಮಾಸ್ತ ಮೊದಲ ಸಲ ಹಾರಿದಾಗ ನನ್ನ ಅಂಗೈ ಬೆವರಿತ್ತು. ಹಾರಿದ ಮೇಲೂ ಆಫೀಸಿನಲ್ಲಿ ಬೈಸಿಕೊಳ್ಳುತ್ತ ಕೂರುತ್ತಾನಲ್ಲ, ಅದು ನನ್ನ ಕರುಳಿಗೆ ತಾಕಿತ್ತು. ಆದರೆ ಪ್ರಮೋದ ಎದುರಿಗೆ ಕೂತಿರುವಾಗ ಚಿತ್ರ ಚೆನ್ನಾಗಿರಲು ಹೇಗೆ ಸಾಧ್ಯ? ಖಳನಾಯಕನಿಗೆ ತಗಡಿನ ಮುಖವಾಡ ಹಾಕಿದ್ದಾರೆ, ಸಿಟ್ಟೋ ನಗುವೋ ತಿಳಿಯುವುದಿಲ್ಲ ಎಂದೆ. ಕೊನೆಯ ಅರ್ಧ ಗಂಟೆ ಬರೀ ಗದ್ದಲ, ಕಂಪ್ಯೂಟರಿನಲ್ಲಿ ಮಾಡಿದ ಮನುಷ್ಯ, ಬಿದ್ದರೆ ತೂಕವೇ ಇಲ್ಲ ಎಂದೆ. ಪ್ರಮೋದ ಎಲ್ಲಕ್ಕೂ "ಅಂಕಲ್ ಹೇಳಿದ್ದು ಕರೆಕ್ಟು" ಎಂದ. ವಿರೋಧಿಸಿದ್ದರೆ ಸಹಿಸುತ್ತಿದ್ದೆ. ತಡೆಯಲಾರದೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ:

"ಮುಖ್ಯವಾಗಿ, ಪುಸ್ತಕದಲ್ಲಿ ಹೀಗಿಲ್ಲ."

ಪ್ರಮೋದನ ಮುಖ ಅರಳಿತು. "ನೀವೂ ಓದೀರಾ ಅಂಕಲ್? ಯಾವ ಸಂಚಿಕೆ? ನನ್ ಹತ್ರ ಎಲ್ಲಾ ಅದಾವೆ, ಟ್ರಂಕಿನಾಗೆ. ಇವತ್ತೇ ತಂದುಕೊಡ್ಲಾ?"

"ಹಳೆಯದು," ಎಂದೆ. "ಬಹಳ ಹಳೆಯದು."

ಆಗ ವಿಮಲ ಬೇಕೆಂದೇ ಎಂಬಂತೆ ಅವನ ಕಡೆ ತಿರುಗಿದಳು. "ಪ್ರಮೋದ, ಹೋದ ವರ್ಷ ಒಂದು ಸಿನಿಮಾ ಬಂದಿತ್ತಲ್ಲ, ಡಾಕ್ಟರು ತನ್ನ ತಂಗಿಗೆ ಕಣ್ಣು ಕೊಟ್ಟು ಕುರುಡ ಆಗ್ತಾನೆ, ನಾಯಿ ಅವನನ್ನ ದಾರಿ ನಡೆಸುತ್ತೆ..."

"ನಾಯಿ, ಡಾಕ್ಟರು... ಅದರಾಗೆ ಡಾಕ್ಟರು ಕಳ್ಳ ಅಲ್ವಾ ಅಕ್ಕಾ? ತಂಗಿ ಎಲ್ಲಿದ್ಲು?"

ಆ ಕಥೆಗೆ ವಿಮಲ ಎರಡು ದಿನ ಅತ್ತಿದ್ದಳು. ತುಮಕೂರಿನ ಅಮ್ಮನಿಗೆ ಕಾಗದದಲ್ಲಿ ಪೂರ್ತಿ ಬರೆದಿದ್ದಳು. ನಾನು ಕಾಫಿ ಲೋಟದೊಳಗೆ ನೋಡುತ್ತ ಕೂತೆ. ವಿಮಲ ಒಂದು ಗಳಿಗೆ ನನ್ನ ಮುಖ ನೋಡಿದಳು. "ಹಾಗಾದ್ರೆ ಅದು ಬೇರೆ ಸಿನಿಮಾ ಇರಬೇಕು ಬಿಡು," ಎಂದು ಅವನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದಳು.

ಎಲ್ಲರೂ ಹೋದ ಮೇಲೆ ಅವಳು ಲೋಟ ತೊಳೆಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಯಾವಾಗಿಂದ ಗೊತ್ತು?" ಎಂದು ಕೇಳಿದೆ.

"ಎರಡನೇ ಸಿನಿಮಾದಿಂದ. ಎಲ್ಲಾ ಸಿನಿಮಾದಲ್ಲೂ ತಾಯಿ ಆಣೆ ಮಾಡಿಸ್ಕೊಳ್ತಾಳೇನ್ರೀ?"

"ಮತ್ತೆ ಯಾಕೆ ಬರ್ತಿದ್ದೆ?"

ಅವಳು ನಲ್ಲಿ ನಿಲ್ಲಿಸಿದಳು. "ಮನೇಲಿ ನೀವು ದಿನಕ್ಕೆ ಹತ್ತು ಮಾತೂ ಆಡಲ್ಲ. ಅಲ್ಲಿ ಮೂರು ಗಂಟೆ ಬಿಡದೆ ಮಾತಾಡ್ತಿದ್ರಿ, ನನ್ನ ಕಿವೀಲಿ. ಇವತ್ತು ಮಾತ್ರ ನೀವು ನನಗೆ ಹೇಳ್ತಿರ್ಲಿಲ್ಲ, ಅವನಿಗೆ ಕೇಳ್ಲಿ ಅಂತ ಹೇಳ್ತಿದ್ರಿ. ಅದಕ್ಕೇ ಎದ್ದು ಹೋದೆ."

ಮಾರನೆಯ ದಿನ ಊಟಕ್ಕೆ ಕೂತಾಗ ಮಾತಾಡಲೇಬೇಕೆಂದು ತೀರ್ಮಾನಿಸಿದೆ. ವಿಮಲ ಬಡಿಸಿ ಎದುರಿಗೆ ಕೂತು ಕಾದಳು. ತುಂಬ ಹೊತ್ತು ಯೋಚಿಸಿ, "ಸಾರಿಗೆ ಉಪ್ಪು ಸರಿಯಾಗಿದೆ," ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಮಜ್ಜಿಗೆ ತರಲು ಎದ್ದಳು. ಪ್ರಮೋದನ ಮೇಲೆ ನನಗೀಗ ಯಾವ ಸಿಟ್ಟೂ ಇಲ್ಲ, ಪಾಪದ ಹುಡುಗ. ಹೊಟ್ಟೆ ಉರಿಯುವುದೆಲ್ಲ ಇನ್ನೊಬ್ಬನ ಮೇಲೆ: ಕತ್ತಲಲ್ಲಿ ಅವಳ ಪಕ್ಕ ಕೂತು ಮೂರು ವರ್ಷ ಅವಳನ್ನು ನಗಿಸಿ ಅಳಿಸಿದ ಆ ಸುಳ್ಳುಗಾರನ ಮೇಲೆ. ಅವನಿಗೆ ಎಲ್ಲಿಂದ ಬರುತ್ತಿದ್ದವೋ ಅಷ್ಟೊಂದು ಮಾತು.