ಮನೆಯೊಳಗೆ ಕಪ್ಪು ಕನ್ನಡಕ

ಧಡ್ ಧಡ್ ಧಡ್... ಹೂಡಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಹಳೇ ಜನರೇಟರ್ ಶುರುವಾಗುವ ಸದ್ದು ಈಗಲೂ ಕಿವಿಯಲ್ಲಿದೆ. ಎಲ್ಲರೂ ಅದಕ್ಕೆ ಶಾಪ ಹಾಕುತ್ತಿದ್ದರು. ನನಗೆ ಮಾತ್ರ ಅದು ವಿಕ್ಟರಿ ಬ್ಯಾಂಡ್!

ಕಾನ್ವೆಂಟಿನಲ್ಲಿ ಓದಿದವರಿಗೊಂದು ಕಾಯಿಲೆ: ಯಾರಾದರೂ ಮುಟ್ಟು ಎನ್ನದೆ ಏನನ್ನೂ ಮುಟ್ಟುವುದಿಲ್ಲ. ‘ಡೋಂಟ್ ಟಚ್, ಗರ್ಲ್ಸ್’ ಎಂದ ಸಿಸ್ಟರ್, ನನಗೆ ಅರವತ್ತು ದಾಟಿದರೂ ನನ್ನ ಬೆರಳು ಬಿಟ್ಟಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಕೊಂಡ ದಿನ ಸಿಕ್ಕಿಸಿದ ಚಾರ್ಜರನ್ನು ನಾನು ಕಿತ್ತೇ ಇರಲಿಲ್ಲ.

ಆಗ ನಮ್ಮ ಶಾಲೆಯ ಜೂಬಿಲಿ ಸಂಚಿಕೆಗೆ ನಾನೇ ಎಡಿಟರ್. ಶುಕ್ರವಾರ ಪ್ರೆಸ್ಸಿಗೆ ಕೊಡಬೇಕು. ಇಲ್ಲವಾದರೆ ಕೆಲಸ ಬೇರೆಯವರ ಪಾಲು. ನನಗೋ ಕ್ಯಾಟರ‍್ಯಾಕ್ಟ್ ಆಪರೇಷನ್ ಆಗಿ ತಿಂಗಳು. ಈ ಲ್ಯಾಪ್‌ಟಾಪೋ, ಆನ್ ಮಾಡಿದೊಡನೆ ಲಾರಿಯ ಹೆಡ್‌ಲೈಟಿನ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಬ್ರೈಟ್‌ನೆಸ್ ಕೀ ಒತ್ತಿದರೆ ಪರದೆಯ ಮೇಲೆ ಅಳತೆಯ ಗೆರೆ ಇಳಿಯುತ್ತದೆ, ಬೆಳಕು ಇಳಿಯುವುದಿಲ್ಲ. ಸರ್ವಿಸ್ ಸೆಂಟರಿನವನು, “ಫರ್ಮ್‌ವೇರ್ ಬಗ್ ಮೇಡಂ. ಕಂಪ್ನಿಯವ್ರು ಅಪ್‌ಡೇಟ್ ಬಿಡೋವರ್ಗೂ ಕೂಲಿಂಗ್ ಗ್ಲಾಸ್ ಹಾಕ್ಕೊಳ್ಳಿ” ಎಂದ. ಒಬೀಡಿಯಂಟ್ ಗರ್ಲ್ ನಾನು, ಹಾಕಿಕೊಂಡೆ.

ಬುಧವಾರ ಯುಪಿಎಸ್ ಬ್ಯಾಟರಿಗೆ ನೀರು ಹಾಕಲು ಜನರೇಟರ್ ನೋಡಿಕೊಳ್ಳುವ ಬಸಣ್ಣ ಬಂದ. ರಾಯಚೂರಿನ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು.

“ಏನ್ರೀ ಅಮ್ಮಾರ, ಮನ್ಯಾಗ ಕಪ್ಪು ಚಷ್ಮಾ? ಬಿಸಿಲು ಒಳಗ ಬಂದೈತೇನು?” ಎನ್ನುತ್ತಾ ಅವನು ಯುಪಿಎಸ್ ಆರಿಸಿದ. ಅದೇ ಕ್ಷಣಕ್ಕೆ ಕರೆಂಟೂ ಹೋಯಿತು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಓಡತೊಡಗಿತು. ಸಿಟ್ಟಿನಲ್ಲಿ ಕೀ ಒತ್ತಿದೆ. ಬೆಳಕು ಸೊರ‍್ರನೆ ಇಳಿಯಿತು!

ಬಸಣ್ಣ ಕೆಳಗಿಳಿದು ಜನರೇಟರ್ ಹಾಕಿ ಬಂದ. ಧಡ್ ಧಡ್ ಸದ್ದಿನೊಂದಿಗೆ ಕರೆಂಟ್ ಬಂದರೂ ಇಳಿದ ಬೆಳಕು ಇಳಿದೇ ಇತ್ತು. ಬಸಣ್ಣ ಗಲ್ಲ ಕೆರೆದುಕೊಂಡ. “ಹಂಗಾರ ದಿನಾ ಚಾಲೂ ಮಾಡಿದ ಕೂಡ್ಲೆ ಪ್ಲಗ್ ಕೀಳ್ರಿ, ಒತ್ರಿ, ಮತ್ತ ಹಾಕ್ರಿ. ನನ್ನ ಜನರೇಟರೂ ಒಂದ್ ಒದಿ ಕೊಡೂತನಾ ಏಳಂಗಿಲ್ರೀ.”

“ಪ್ಲಗ್ ಕೀಳಬಹುದಾ?”

“ನಿಮ್ದ ಅಲ್ಲೇನ್ರೀ ಅದು!”

ಕೀಳು, ಒತ್ತು, ಹಾಕು. ಶುಕ್ರವಾರ ಸಂಚಿಕೆ ಪ್ರೆಸ್ಸಿಗೆ ಹೋಯಿತು. ಶನಿವಾರ ನಾನೇ ಸರ್ವಿಸ್ ಸೆಂಟರಿಗೆ ಹೋಗಿ ಪಾಠ ಮಾಡಿದೆ. ಅಲ್ಲಿನವನು ಬರೆದುಕೊಂಡು, ಪಕ್ಕದ ಕಸ್ಟಮರಿಗೆ ನನ್ನೆದುರೇ ತನ್ನದೇ ಉಪಾಯವೆಂಬಂತೆ ಹೇಳಿದ. ಕ್ಷಮಿಸಿದೆ, ಗೆದ್ದವರು ಉದಾರಿಗಳಾಗಿರಬೇಕು.

ಆಮೇಲೆ ಅಪ್‌ಡೇಟ್ ಬಂತಂತೆ. ನಾನು ಹಾಕಿಸಲಿಲ್ಲ. ಯಾರೂ ಮುಟ್ಟು ಅಂದಿರಲಿಲ್ಲವಲ್ಲ!

ಬಸಣ್ಣನನ್ನು ಕೊನೆಯ ಸಲ ನೋಡಿದ್ದು, ತಾನಾಗಿಯೇ ಶುರುವಾಗುವ ಹೊಸ ಜನರೇಟರ್ ಬಂದು ಹಳೆಯದನ್ನು ಲಾರಿಗೇರಿಸಿದ ದಿನ. ಅದರ ಪಕ್ಕದಲ್ಲೇ, ಊರಿಗೆ ಹೊರಟು ತನ್ನ ಟ್ರಂಕಿನ ಮೇಲೆ ಕೂತಿದ್ದವನು ಬಾಲ್ಕನಿಯಲ್ಲಿದ್ದ ನನ್ನತ್ತ ಕೂಗಿದ: “ಅಮ್ಮಾರ, ಮತ್ತ ಕಪ್ಪು ಚಷ್ಮಾ? ಪ್ಲಗ್ ಕೀಳೂದು ಮರ‍್ತ್ರೇನು?”

“ಬಿಸಿಲು ಕಣಪ್ಪಾ!” ಎಂದೆ.

ಅವತ್ತು ಬೆಳಗಿನಿಂದ ಮೋಡ ಕವಿದಿತ್ತು.