ಪರ್ಡಿ ಕಚೇರಿಯಿಂದ ವಕೀಲಿ ಪರೀಕ್ಷೆಗೆ

ಲೋರ್ನಾ: ಎಂಬತ್ತು ವರ್ಷದ ಮುದುಕಿ ಹೆರೋದಿಲ್ಲ ಕಣಯ್ಯ.

ಕೋಲ್ಟನ್: ಹೆರಬಹುದು ಅಂತಲೇ ಗುರುತು ಹಾಕಬೇಕು. ಆಸ್ತಿ ಕಾನೂನು ಹಾಗೇ ಹೇಳುತ್ತೆ. ಜೀವ ಇರೋ ತನಕ ಯಾವ ಹೆಂಗಸಿಗಾದ್ರೂ ಇನ್ನೊಂದು ಮಗು ಆಗಬಹುದು. ವಾರಸುದಾರರ ಲೆಕ್ಕ ಮುಗಿಯೋದೇ ಇಲ್ಲ, ಅದಕ್ಕೇ ಈ ಪ್ರಶ್ನೇಲಿರೋ ಉಯಿಲು ನಿಲ್ಲಲ್ಲ.

ಲೋರ್ನಾ: ನನಗೆ ಐವತ್ತೇಳು. ನನ್ನ ಮೇಲೂ ಕಾನೂನು ಇಷ್ಟೇ ಆಸೆ ಇಟ್ಟುಕೊಂಡಿದೆಯಾ?

ಕೋಲ್ಟನ್: ಇಟ್ಟುಕೊಂಡಿದೆ.

ಲೋರ್ನಾ: ಪಾಪ.

ಪರ್ಡಿ: ಸುಮ್ಮನೆ ವಾದ ಮಾಡಬೇಡ ಲೋರ್ನಾ. ಅವರು ಕೇಳಿರೋದು ವಕೀಲರನ್ನ, ಸೂಲಗಿತ್ತೀನ ಅಲ್ಲ.

ಲೋರ್ನಾ: ಸೂಲಗಿತ್ತೀನ ಒಂದು ಮಾತು ಕೇಳಿದ್ದಿದ್ರೆ ಕಾನೂನು ಸ್ವಲ್ಪ ಸುಧಾರಿಸ್ತಿತ್ತು.

ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನ ಮುಖ್ಯ ಬೀದಿಯಲ್ಲಿ, ದನದ ಮೇವಿನ ಅಂಗಡಿಗೆ ಎದುರಾಗಿ, ಎವೆರೆಟ್ ಪರ್ಡಿ ಅವರ ವಕೀಲಿ ಕಚೇರಿ ಇತ್ತು. ಲೋರ್ನಾ ತಿಬೋ ಅಲ್ಲಿ ಮೂವತ್ತೊಂದು ವರ್ಷದಿಂದ ಟೈಪಿಸ್ಟ್, ಗುಮಾಸ್ತೆ, ಕಡತಗಳ ಒಡತಿ. ಆ ರಾಜ್ಯದಲ್ಲಿ ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆಯೂ ವಕೀಲರಾಗಬಹುದು. ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು ನಾಲ್ಕು ವರ್ಷ ಕಾನೂನು ಓದಿದರೆ ಪರೀಕ್ಷೆಗೆ ಕೂರಲು ಬಿಡುತ್ತಾರೆ. ಲೋರ್ನಾ ಹಾಗೆ ಓದಿದವಳು. ಪಾಠ ಹೇಳಬೇಕಾದವರು ಪರ್ಡಿ. ಅವರು ತಮ್ಮ ಗೆಲುವುಗಳನ್ನು ಹೇಳಿದರು. ಸೋಲುಗಳನ್ನು ಅವಳೇ ಕಡತಗಳಲ್ಲಿ ಓದಿಕೊಂಡಳು. ಹೆಚ್ಚು ಕಲಿತದ್ದು ಕಡತಗಳಿಂದ.

ಕೋಲ್ಟನ್ ಪರ್ಡಿಯವರ ತಂಗಿಯ ಮಗ, ಇಪ್ಪತ್ತೊಂಬತ್ತು ವರ್ಷದವನು. ಬಾಸ್ಟನ್ನಿನಲ್ಲಿ ಮೂರು ವರ್ಷ ಕಾನೂನು ಓದಿ ಪದವಿ ಪಡೆದು, ಇದೇ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದ. ಅವನ ಬಳಿ ಹಳದಿ, ಗುಲಾಬಿ, ಹಸಿರು ಬಣ್ಣದ ಒಂಬೈನೂರು ಓದುವ ಚೀಟಿಗಳಿದ್ದವು. ಯಾವ ವಿಷಯಕ್ಕೆ ಯಾವ ಬಣ್ಣ ಎಂಬುದು ಅವನಿಗೆ ಚೆನ್ನಾಗಿ ನೆನಪಿರುತ್ತಿತ್ತು.

ಪರ್ಡಿಯವರಿಗೆ ಎಪ್ಪತ್ತನಾಲ್ಕು. ವರ್ಷದ ಕೊನೆಗೆ ನಿವೃತ್ತಿ ಎಂದು ಸಾರಿದ್ದರು. ಜುಲೈ ಪರೀಕ್ಷೆಯಲ್ಲಿ ಪಾಸಾದವರಿಗೆ ಕಚೇರಿ. ಇಬ್ಬರೂ ಪಾಸಾದರೆ ಕೋಲ್ಟನ್‌ಗೆ, ಏಕೆಂದರೆ ಅವನು ಮನೆಯವನು. ಇಬ್ಬರೂ ಬಿದ್ದರೆ ಪಕ್ಕದ ಔಷಧಿ ಅಂಗಡಿಯವನಿಗೆ. ಅವನು ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾನೆ. ಐವತ್ತೇಳರ ಟೈಪಿಸ್ಟನ್ನು ಆ ಊರಿನಲ್ಲಿ ಇನ್ನಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬುದು ಲೋರ್ನಾಳಿಗೆ ಗೊತ್ತಿತ್ತು. ಕಾರು ನಿಲ್ಲಿಸುವ ಜಾಗಕ್ಕೆ ಗುಮಾಸ್ತೆ ಬೇಡ.

ಜೂನ್ ತಿಂಗಳ ಆ ಶನಿವಾರ ಕೋಲ್ಟನ್ ಮೂವತ್ತು ಪ್ರಶ್ನೆಗಳ ಮಾದರಿ ಹಾಳೆ ತಂದಿದ್ದ. ಹತ್ತು ನಿಮಿಷ ಇಣುಕಿ ನೋಡಿದ ಪರ್ಡಿ, ತಮ್ಮ ಕಾಲದಲ್ಲಿ ಪರೀಕ್ಷೆ ಎಂದರೆ ಪರೀಕ್ಷೆಯಾಗಿತ್ತು, ಇಂಥದ್ದನ್ನು ನಿದ್ದೆಯಲ್ಲಿಯೂ ಬರೆದೇನು ಎಂದರು. ಎಚ್ಚರವಾಗಿದ್ದೇ ಬರೆಯಿರಿ ಎಂದು ಲೋರ್ನಾ ಒಂದು ಪ್ರತಿಯನ್ನು ಅವರ ಮುಂದಿಟ್ಟಳು. ಮೂವರೂ ಬರೆದರು. ಕೋಲ್ಟನ್ ಹಾಳೆಗಳನ್ನು ತಿದ್ದಲು ಕುಳಿತ.

ಕೋಲ್ಟನ್: ಮಾಮ, ಪಕ್ಕದ ಮನೆಯವನು ಬೇಲಿ ಒಳಗೆ ಹಾಕಿದ ಪ್ರಶ್ನೆ. ಎ, ಬಿ, ಸಿ, ಡಿ ಅಂತ ನಾಲ್ಕೇ ಉತ್ತರ ಇರೋದು. ನೀವು ಕೆಳಗೆ ಇನ್ನೇನೋ ಬರೆದಿದ್ದೀರಿ.

ಪರ್ಡಿ: ನಾಲ್ಕೂ ತಪ್ಪಿದ್ವು. ಐದನೇದು ನಾನೇ ಬರೆದೆ.

ಕೋಲ್ಟನ್: 'ಜಡ್ಜ್ ಯಾರು ಅಂತ ತಿಳಿಯದೆ ಹೇಳೋಕಾಗಲ್ಲ.'

ಪರ್ಡಿ: ಅದು ನಲವತ್ತೆಂಟು ವರ್ಷದ ಅನುಭವ.

ಲೋರ್ನಾ: ಹದಿನೈದನೇ ಪ್ರಶ್ನೆಗೂ ಅದೇ ಅನುಭವ ಬರೆದಿದ್ದಾರೆ ನೋಡು. ಹದಿನಾರಕ್ಕೆ 'ಮೇಲಿನಂತೆ'.

ಪಾಸಾಗಲು ಮೂವತ್ತಕ್ಕೆ ಇಪ್ಪತ್ತಾದರೂ ಬೇಕು. ಕೋಲ್ಟನ್‌ಗೆ ಹದಿನೆಂಟು ಬಂದಿತ್ತು, ಲೋರ್ನಾಳಿಗೆ ಹದಿನೇಳು, ಪರ್ಡಿಯವರಿಗೆ ಒಂಬತ್ತು. ಕುಣಿಯಲಾರದವರಿಗೆ ನೆಲ ಡೊಂಕು. ಪರ್ಡಿ ಪ್ರಶ್ನೆ ತೆಗೆದವರ ಓದನ್ನೂ ಹುಟ್ಟನ್ನೂ ಸ್ವಲ್ಪ ಹೊತ್ತು ವಿಚಾರಿಸಿಕೊಂಡರು. ಲೋರ್ನಾ ಕೇಳಿಸಿಕೊಳ್ಳಲಿಲ್ಲ. ಅವಳು ತನ್ನ ಹಾಳೆಯನ್ನೇ ನೋಡುತ್ತಿದ್ದಳು. ತಪ್ಪಾಗಿದ್ದುದೆಲ್ಲ ಜಮೀನಿನ ಪ್ರಶ್ನೆಗಳು. ಜಮೀನಿನ ಪತ್ರಗಳನ್ನೇ ಅವಳು ಮೂವತ್ತೊಂದು ವರ್ಷ ಬರೆದದ್ದು.

ಲೋರ್ನಾ: ಇದು ಹೇಗೆ ತಪ್ಪಾಯ್ತು, ಹೇಳು.

ಕೋಲ್ಟನ್: ಒಬ್ಬ ಸೋಮವಾರ ಜಮೀನು ಮಾರಿದ. ಮಂಗಳವಾರ ಅದನ್ನೇ ಇನ್ನೊಬ್ಬನಿಗೆ ಮಾರಿದ. ಈಗ ಜಮೀನು ಯಾರದು ಅಂತ ಪ್ರಶ್ನೆ.

ಲೋರ್ನಾ: ಮಂಗಳವಾರ ಹೇಗೆ ಮಾರ್ತಾನೆ? ಪತ್ರ ನೋಂದಾಯಿಸೋಕೆ ಟೌನ್ ಕ್ಲರ್ಕ್ ಬರ್ನಿಸ್ ಹತ್ರ ಹೋಗಬೇಕು ತಾನೆ? ಅವಳು ಕನ್ನಡಕ ಏರಿಸಿ ನೋಡ್ತಾಳೆ, ನನಗೆ ಫೋನ್ ಮಾಡ್ತಾಳೆ. ಅವನು ಮೆಟ್ಟಿಲು ಇಳಿಯೋ ಹೊತ್ತಿಗೆ ಅವನ ಹೆಂಡತಿಗೂ ಗೊತ್ತಾಗಿರುತ್ತೆ.

ಕೋಲ್ಟನ್: ಪರೀಕ್ಷೇಲಿ ಬರ್ನಿಸ್ ಇಲ್ಲ.

ಲೋರ್ನಾ: ರಜಾ ಹಾಕಿದ್ದಾಳಾ?

ಕೋಲ್ಟನ್: ಹುಟ್ಟೇ ಇಲ್ಲ. ಆ ಪ್ರಶ್ನೆಗಳ ಊರಲ್ಲಿ ಯಾರಿಗೂ ಯಾರ ಪರಿಚಯನೂ ಇಲ್ಲ. ಎಲ್ಲರೂ ಎಲ್ಲರಿಗೂ ಮೋಸ ಮಾಡ್ತಾರೆ, ಯಾರೂ ಯಾರಿಗೂ ಫೋನ್ ಮಾಡಲ್ಲ.

ಲೋರ್ನಾ: ಮಕ್ಕಳು ಮಾತ್ರ ಎಂಬತ್ತರ ತನಕ ಆಗ್ತವೆ.

ಕೋಲ್ಟನ್: ನಿಮಗೆ ಗೊತ್ತಿರೋದು ಜಾಸ್ತಿ ಆಗಿದೆ ಲೋರ್ನಾ. ಅದೇ ನಿಮ್ಮ ಕಷ್ಟ.

ಪರ್ಡಿ: ನಿನಗೆ ಆ ಕಷ್ಟ ಇಲ್ಲ ಬಿಡಪ್ಪ.

ಎರಡು ಸಲ ಬಿದ್ದವನ ಬಾಯಲ್ಲಿ ಬಂದರೂ ಮಾತು ನಿಜವಾಗಿತ್ತು. ಲೋರ್ನಾ ಅಂದಿನಿಂದ ಮರೆಯಲು ಕುಳಿತಳು. ಬೆಳಿಗ್ಗೆ ಕಚೇರಿ ತೆರೆಯುವ ಮೊದಲು ಎರಡು ಗಂಟೆ, ಭಾನುವಾರ ಇಡೀ ದಿನ. ಎಲ್ಲಿಯೂ ಇಲ್ಲದ ಆ ಊರಿನ ಕಾನೂನನ್ನು ಅವಳು, ಹೊಸ ಸೊಸೆ ಅತ್ತೆಮನೆಯ ಪದ್ಧತಿ ಕಲಿಯುವ ಹಾಗೆ ಕಲಿತಳು: ಒಪ್ಪಿ ಅಲ್ಲ, ತಪ್ಪಿಸಿಕೊಳ್ಳಲಾರದೆ. ಪರ್ಡಿಯವರು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, ಇನ್ನೂ ಬಿಟ್ಟಿಲ್ಲವೇ ಎಂದು ಕೇಳಿ ಹೋಗುತ್ತಿದ್ದರು. ಅದು ಅವರ ಮಾರ್ಗದರ್ಶನ. ಕೋಲ್ಟನ್ ನೀಲಿ ಚೀಟಿಗಳನ್ನೂ ಕೊಂಡುಕೊಂಡ.

ಜುಲೈ ಕೊನೆಯ ವಾರ ಬರ್ಲಿಂಗ್ಟನ್ನಿನಲ್ಲಿ, ಸರೋವರದ ದಡದ ದೊಡ್ಡ ಸಭಾಂಗಣದಲ್ಲಿ ಪರೀಕ್ಷೆ. ತಂಗಿಯ ಒತ್ತಾಯಕ್ಕೆ ಪರ್ಡಿ ಇಬ್ಬರನ್ನೂ ತಮ್ಮ ಹಳೆಯ ಪಿಕಪ್ ಗಾಡಿಯಲ್ಲಿ ಕರೆತಂದರು. ಮೊದಲ ದಿನ ಬೆಳಿಗ್ಗೆ ಕೊಡುವ ಕೆಲಸ ಬೇರೆ ಬಗೆಯದು. ಕಟ್ಟುಕಥೆಯ ಒಂದು ಕಚೇರಿಯ ಕಾಗದಗಳನ್ನು ಕೈಗೆ ಕೊಟ್ಟು, ಆ ಕಚೇರಿಯ ಪರವಾಗಿ ಎದುರು ಪಕ್ಷದ ವಕೀಲರಿಗೆ ಒಂದು ಪತ್ರ ಬರೆಯಿರಿ ಎನ್ನುತ್ತಾರೆ. ಕಾಲೇಜಿನಲ್ಲಿ ಓದಿದವರು ಹೆದರುವುದು ಇದಕ್ಕೇ. ಲೋರ್ನಾ ಹೆದರಲಿಲ್ಲ. ಕೀಲಿಮಣೆ ಸಿಕ್ಕಿತು, ಬರೆದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಪರ್ಡಿ ದಡದ ಬೆಂಚಿನ ಮೇಲೆ ಚೆಡ್ಡರ್ ಗಿಣ್ಣಿನ ಸ್ಯಾಂಡ್‌ವಿಚ್‌ಗಳನ್ನು ಪಕ್ಕಕ್ಕಿಟ್ಟು ಮೇಪಲ್ ಐಸ್‌ಕ್ರೀಮ್ ತಿನ್ನುತ್ತಿದ್ದರು.

ಪರ್ಡಿ: ಏನು, ಕಷ್ಟ ಇತ್ತಾ?

ಲೋರ್ನಾ: ಸುಲಭ ಇತ್ತು. ಅದರಿಂದಲೇ ಕೆಟ್ಟಿದ್ದು.

ಪತ್ರ ತಾನಾಗಿಯೇ ಬಂದಿತ್ತು. ಬೆರಳುಗಳು ಓಡಿದ್ದವು. ಕೊನೆಯ ಸಾಲು ಮುಗಿದ ಮೇಲೂ ಅವು ನಿಲ್ಲಲಿಲ್ಲ. ಮೂವತ್ತೊಂದು ವರ್ಷ ಪ್ರತಿ ಪತ್ರದ ಅಡಿಯಲ್ಲಿ ಬರೆದದ್ದನ್ನು ಬರೆದೇ ಬಿಟ್ಟವು: 'ತಮ್ಮ ವಿಶ್ವಾಸಿ, ಎವೆರೆಟ್ ಜೆ. ಪರ್ಡಿ, ವಕೀಲರು.' ಅವಳು ಅದನ್ನು ಕಂಡದ್ದು ಸಮಯ ಮುಗಿಯಿತು, ಕೈ ತೆಗೆಯಿರಿ ಎಂದು ಕೂಗಿದ ಮೇಲೆ.

ಕೋಲ್ಟನ್: ಉತ್ತರದಲ್ಲಿ ಹೆಸರು ಬರೀಬಾರದು ಅಂತ ಎರಡು ಸಲ ಓದಿ ಹೇಳಿದ್ರಲ್ಲ. ಬರೆದವರು ಯಾರು ಅಂತ ಗೊತ್ತಾಗಬಾರದು. ಗೊತ್ತಾದ್ರೆ ರದ್ದು.

ಲೋರ್ನಾ: ನನ್ನ ಹೆಸರು ಬರೀಲಿಲ್ಲ.

ಕೋಲ್ಟನ್: ಮಾಮನ ಹೆಸರು ಬರೆದ್ರಲ್ಲ.

ಲೋರ್ನಾ: ಹಾಗಾದ್ರೆ ರದ್ದಾಗಬೇಕಾದವರು ಅವರು.

ಪರ್ಡಿ: ನಾನ್ಯಾಕೆ? ನಾನು ಇಲ್ಲಿ ಬೆಂಚಿನ ಮೇಲೆ ಕೂತಿದ್ದೆ.

ಲೋರ್ನಾ: ಮೂವತ್ತೊಂದು ವರ್ಷವೂ ಬೆಂಚಿನ ಮೇಲೇ ಕೂತಿದ್ರಿ. ಪತ್ರಗಳು ಹೋಗ್ತಿರಲಿಲ್ವಾ?

ಪರ್ಡಿ: ಪತ್ರ ಚೆನ್ನಾಗಿ ಬಂದಿದೆ ತಾನೆ? ನನ್ನ ಹೆಸರಿಗೆ ಕುಂದು ಬರೋ ಅಂಥದ್ದೇನೂ ಇಲ್ಲವಲ್ಲ?

ಮಧ್ಯಾಹ್ನದ ಆರು ಪ್ರಶ್ನೆಗಳು, ಮರುದಿನದ ಇನ್ನೂರು, ಎಲ್ಲವೂ ಇನ್ನು ವ್ಯರ್ಥ ಎಂದು ಲೋರ್ನಾಳಿಗೆ ಅನ್ನಿಸಿತು. ಮನೆಗೆ ಹೋಗೋಣ ಎಂದಳು. ಕೋಲ್ಟನ್ ಇನ್ನೊಂದು ಸ್ಯಾಂಡ್‌ವಿಚ್ ಎತ್ತಿಕೊಂಡ. ಅದು ಅವಳ ಪಾಲಿನದು.

ಪರ್ಡಿ: ಹೋಗೋಣಂತೆ. ಹೋಗ್ತಾ ಔಷಧಿ ಅಂಗಡಿಯವನಿಗೆ ಹೇಳಿಬಿಡ್ತೀನಿ, ಟೇಪು ತಗೊಂಡು ಬಾ, ಅಳತೆ ಹಾಕ್ಕೋ ಅಂತ.

ಸರೋವರದಿಂದ ಕಣ್ಣು ತೆಗೆಯದೆ ಅಂದ ಮಾತು ಅದು. ಅವಳನ್ನು ಕೆರಳಿಸಿ ಒಳಗೆ ಕಳಿಸಲು ಹಾಗೆ ಅಂದರೋ, ನಿಜವಾಗಿಯೂ ಕಟ್ಟಡದ ಯೋಚನೆಯಲ್ಲಿದ್ದರೋ ತಿಳಿಯುವಂತಿರಲಿಲ್ಲ. ಕಟ್ಟಡದ ಯೋಚನೆಯೇ ಎಂದು ಲೋರ್ನಾ ತೀರ್ಮಾನಿಸಿದಳು. ಮೂವತ್ತೊಂದು ವರ್ಷದ ಅನುಭವ ಹಾಗೆ ಹೇಳಿತು. ಲಂಗ ಕೊಡವಿಕೊಂಡು ಎದ್ದು ಒಳಗೆ ಹೋದಳು.

ಮಧ್ಯಾಹ್ನ ಬರೆದಳು. ಮರುದಿನವೂ ಬರೆದಳು. ಆ ಊರಿಲ್ಲದ ಊರಿನಲ್ಲಿ ಜನ ಜಮೀನನ್ನು ಎರಡೆರಡು ಸಲ ಮಾರಿದರು, ಒಬ್ಬರ ಹಸುವನ್ನು ಇನ್ನೊಬ್ಬರು ಅಡವಿಟ್ಟರು, ಸಾಯುವ ಮುನ್ನ ಮೂರು ಮೂರು ಉಯಿಲು ಬರೆದರು. ಯಾರೂ ಬರ್ನಿಸ್‌ಗೆ ಹೇಳಲಿಲ್ಲ. ಲೋರ್ನಾಳೂ ಹೇಳಲಿಲ್ಲ. ಎ, ಬಿ, ಸಿ, ಡಿಗಳಲ್ಲಿ ಒಂದಕ್ಕೆ ಗುರುತು ಹಾಕಿ ಮುಂದೆ ಹೋದಳು.

ಸೆಪ್ಟೆಂಬರಿನಲ್ಲಿ ಪಟ್ಟಿ ಬಂತು. ಅದರಲ್ಲಿ ಲೋರ್ನಾಳ ಸಂಖ್ಯೆ ಇತ್ತು. ಕೋಲ್ಟನ್‌ನದು ಇರಲಿಲ್ಲ. ಕೆಲವೇ ಅಂಕ ಕಡಿಮೆಯಾಯಿತು, ಹೋದ ಸಲಕ್ಕಿಂತ ಹತ್ತಿರ ಬಂದಿದ್ದೇನೆ ಎಂದು ಅವನು ಹೇಳಿದ. ಚಳಿಗಾಲಕ್ಕೆ ಹಿಮದ ಮೇಲೆ ಜಾರುವುದನ್ನು ಕಲಿಸುವ ಶಾಲೆಯವರು ತನ್ನನ್ನು ಕೆಲಸಕ್ಕೆ ಕರೆದಿದ್ದಾರೆ ಎಂದೂ ಹೇಳಿದ. ಜಾರುವುದರಲ್ಲಿ ಅವನಿಗೆ ಅಭ್ಯಾಸವಿದೆ ಎಂದು ಅವನ ಮಾಮ ಒಪ್ಪಿಕೊಂಡರು. ಪತ್ರದ ಅಡಿಯಲ್ಲಿದ್ದ ಹೆಸರನ್ನು ಪರೀಕ್ಷಕರು ಏನೆಂದುಕೊಂಡರೋ ಯಾರಿಗೂ ತಿಳಿಯಲಿಲ್ಲ. ಕಟ್ಟುಕಥೆಯ ಇನ್ನೊಬ್ಬ ವಕೀಲ ಎಂದುಕೊಂಡಿರಬೇಕು, ಅದರಲ್ಲಿ ಅವರ ತಪ್ಪೇನಿಲ್ಲ ಎಂದಳು ಲೋರ್ನಾ.

ಪರ್ಡಿ: ನಮ್ಮ ಕಚೇರಿಯಿಂದ ಒಬ್ಬರಾದ್ರೂ ಪಾಸಾಗ್ತಾರೆ ಅಂತ ನಾನು ಮೊದಲೇ ಹೇಳಿದ್ದೆ.

ಲೋರ್ನಾ: ಕೋಲ್ಟನ್ ಅಂತ ಹೇಳಿದ್ರಿ.

ಪರ್ಡಿ: ಹೆಸರು ಹಿಡಿದು ಹೇಳಿರಲಿಲ್ಲ. ಅದಿರಲಿ, ಕೊಟ್ಟ ಮಾತು ಕೊಟ್ಟದ್ದೇ. ಬೀಗದ ಕೈ ತಗೋ.

ಲೋರ್ನಾ: ಬೀಗದ ಕೈ ನನ್ನ ಹತ್ರ ಇದೆ. ನಿಮ್ಮ ಹತ್ರ ಯಾವತ್ತಿತ್ತು?

ನವೆಂಬರಿನಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಮಾಣ ವಚನ. ಹೊಸ ವಕೀಲರ ಪರವಾಗಿ ಹಳೆಯ ವಕೀಲರೊಬ್ಬರು ಎದ್ದು ನಾಲ್ಕು ಮಾತು ಹೇಳುವುದು ಆ ಜಿಲ್ಲೆಯ ರೂಢಿ. ತಾವಲ್ಲದೆ ಇನ್ನಾರು ಎಂದು ಪರ್ಡಿ ಹಿಂದಿನ ವಾರದಿಂದಲೇ ಎದೆಯುಬ್ಬಿಸಿ ಓಡಾಡಿದರು. ಹಿಂದಿನ ದಿನ ಸಂಜೆ ಲೋರ್ನಾಳ ಮೇಜಿನ ಹತ್ತಿರ ಬಂದು, ಏನು ಹೇಳಬೇಕೋ ಬರೆದಿಡು ಎಂದರು. ಲೋರ್ನಾ ಬರೆದಳು. ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಲೋರ್ನಾ: ಒಂದು ಸಲ ಓದಿ ನೋಡಿ.

ಪರ್ಡಿ: ನೀನು ಬರೆದದ್ದನ್ನ ನಾನು ಯಾವತ್ತು ಓದಿದ್ದೀನಿ?

ಲೋರ್ನಾ: ಅದೂ ನಿಜವೇ.

ಮರುದಿನ ಪೀಠದ ಮೇಲೆ ಅರವತ್ತು ದಾಟಿದ ನ್ಯಾಯಾಧೀಶೆಯೊಬ್ಬರಿದ್ದರು. ಇಪ್ಪತ್ತು ವರ್ಷದಿಂದ ಪರ್ಡಿಯವರ ವಾದಗಳನ್ನು ಸಹಿಸಿದವರು. ಹಿಂದಿನ ಸಾಲಿನಲ್ಲಿ ಬರ್ನಿಸ್ ಒಳ್ಳೆಯ ಕೋಟು ಹಾಕಿಕೊಂಡು ಕುಳಿತಿದ್ದಳು. ಪರ್ಡಿ ಎದ್ದರು, ಕನ್ನಡಕ ಹಾಕಿಕೊಂಡರು, ಕಾಗದ ಬಿಚ್ಚಿದರು. ಅವರ ಕಂಠ ದೊಡ್ಡದು. ಅದು ಯಾವಾಗಲೂ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

ಪರ್ಡಿ: ಮಹಾಸ್ವಾಮಿ, ಲೋರ್ನಾ ತಿಬೋ ಅವರನ್ನು ನಾನು ಮೂವತ್ತೊಂದು ವರ್ಷದಿಂದ ಬಲ್ಲೆ. ಅವರು ಸುಳ್ಳು ಹೇಳುವವರಲ್ಲ, ಕೆಲಸ ತಪ್ಪಿಸುವವರಲ್ಲ. ನನಗೆ ತಿಳಿದಿರುವ ಕಾನೂನನ್ನೆಲ್ಲ ನಾನು ಅವರಿಂದಲೇ ಕಲಿತೆ.

ಓದು ಅಲ್ಲಿಗೆ ನಿಂತಿತು. ಪರ್ಡಿ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದರು. ತಿರುಗಿಸಿ ನೋಡಿದರು, ಹಿಂದೆ ಏನೂ ಇರಲಿಲ್ಲ. ಲೋರ್ನಾ ನೇರವಾಗಿ ಪೀಠದ ಕಡೆ ನೋಡುತ್ತ ನಿಂತಿದ್ದಳು.

ಪರ್ಡಿ: ಇಲ್ಲಿ ಒಂದು ಸಣ್ಣ ತಪ್ಪಾಗಿದೆ, ಮಹಾಸ್ವಾಮಿ.

ನ್ಯಾಯಾಧೀಶೆ: ನನಗೇನೂ ಕಾಣಲಿಲ್ಲ ಪರ್ಡಿ ಅವರೇ. ಇಡೀ ಜಿಲ್ಲೆಗೆ ಗೊತ್ತಿರೋ ಸಂಗತಿಗೆ ಸಾಕ್ಷಿ ಬೇಡ. ನೀವು ಕೂತ್ಕೊಳ್ಳಿ. ಲೋರ್ನಾ ಅವರೇ, ಬಲಗೈ ಎತ್ತಿ.