ಹಾಡು ಹಂಚಿದವನೂ ಸೋಫಾ ಹಂಚಿದವನೂ

ಇಂಗ್ಲಿಷಿನ ಅರ್ಥವನ್ನು ಇನ್ನು ಯಾರ ಹತ್ತಿರವೂ ಕೇಳುವುದಿಲ್ಲ ಎಂದು ದೋಹಾಕ್ಕೆ ಬಂದಿಳಿದ ದಿನವೇ ಶಪಥ ಮಾಡಿದ್ದೆ. ನಾನೇನು ಶಾಲೆಯ ಬೆಂಚು ಸವೆಸಿ ಕಲಿತವನೇ? ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಓದಿ ದಕ್ಕಿಸಿಕೊಂಡ ಇಂಗ್ಲಿಷ್ ನನ್ನದು. ಗಟ್ಟಿ ಮಾಲು!

ವಿಶ್ವಕಪ್ ಮುಗಿದ ವಾರ. ಅಲ್ ರಯ್ಯಾನಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸೊಸೆ ಸಹನಾ ಫೋನಿನಲ್ಲಿ ಗಂಡನಿಗೆ ಪಿಸುಗುಟ್ಟುತ್ತಿದ್ದಳು: "ಸೆಟ್ಲ್‌ಮೆಂಟ್ ಇವತ್ತೇ ಮುಗಿದುಹೋದರೆ ಸಾಕು ರೀ. ಮಾವನಿಗೆ ಹೇಳಬೇಡಿ, ಗಾಬರಿಯಾಗ್ತಾರೆ."

ಗಾಬರಿ ಆಗಲೇ ಆಗಿತ್ತು. ಈ ದೇಶದಲ್ಲಿ ಸೆಟ್ಲ್‌ಮೆಂಟ್ ಎಂದರೆ ನೌಕರಿಯ ಲೆಕ್ಕ ಚುಕ್ತಾ ಮಾಡಿ ವಿಮಾನ ಹತ್ತಿಸುವುದು ಎಂದು ಪಾರ್ಕಿನಲ್ಲಿ ಕುಳಿತವರ ಮಾತು ಕೇಳಿಯೇ ಕಲಿತಿದ್ದೆ. ಮಗ ಗಿರಿಧರನದು ಸ್ಟೇಡಿಯಮ್ಮಿಗೆ ಕುರ್ಚಿ ಜೋಡಿಸುವ ಕಂಪನಿ. ಆಟವೇ ಮುಗಿದ ಮೇಲೆ ಕುರ್ಚಿ ಯಾರ ಅಂಡಿಗೆ?

ಮಗ ಮನೆಗೆ ಬಂದದ್ದೇ ತಡ, ಅವನು, ಸೊಸೆ, ಕಾಲೇಜು ಓದುವ ಮೊಮ್ಮಗ ಸುಪ್ರೀತ್ ಮೂವರೂ ಮುಖ ಹುಳ್ಳಗೆ ಮಾಡಿಕೊಂಡು ಪೇಟೆ ನಡುವಿನ ಮುಶೈರಿಬ್ ಕಡೆ ಹೊರಟರು. ನಾನು ಟೊಂಕ ಕಟ್ಟಿದೆ. ಊರಿಗೆ ಹೊರಟವರು ಸಾಮಾನು ಹಂಚುವುದು ಇಲ್ಲಿಯ ರೂಢಿ. ನಾಲ್ಕು ಜನ ಮರುಕ ಪಡಲು ಬರುವ ಮೊದಲೇ ಮರ್ಯಾದೆಯಿಂದ ಹಂಚಿಬಿಟ್ಟರೆ ಮಗನಿಗೆ ಅಷ್ಟು ಭಾರ ಇಳಿಯಿತು. ಎದುರುಮನೆಯ ಉಡುಪಿಯ ನೊರ್ಬರ್ಟನನ್ನು ಕರೆದು ಸೋಫಾ ತೋರಿಸಿದೆ.

"ಗಿರಿಧರ್‌ಗೆ ಗೊತ್ತುಂಟಾ ಮಾರಾಯ್ರೆ?"

"ಮನೆಗೆ ಹಿರಿಯ ನಾನೋ ಅವನೋ? ಎತ್ತಯ್ಯ ಒಂದು ಕಡೆ."

ಅವನ ಹೆಂಡತಿ ಜರ್ಟ್ರೂಡ್ ಕಣ್ಣೊರೆಸಿಕೊಳ್ಳುತ್ತಲೇ ಗ್ರೈಂಡರ್ ಒಯ್ದಳು. ಸಹನಾ ಮೈಸೂರಿನಿಂದ ಕೂಸಿನಂತೆ ಜೋಪಾನ ಮಾಡಿ ತಂದ ಗ್ರೈಂಡರ್! ಟಿವಿ ನಾಳೆಗೆ ಎಂದೆ.

ಸಂಜೆ ಮೂವರೂ ನಗುನಗುತ್ತ ಬಂದರು. ಗಿರಿಧರ ಉಸ್ಸೆಂದು ಕೂರಲು ಹೋಗಿ ದೊಪ್ಪನೆ ನೆಲಕ್ಕೆ ಬಿದ್ದ.

"ಅಪ್ಪಾ, ಸೋಫಾ ಎಲ್ಲಿ?"

"ಕೆಲಸವೇ ಹೋದ ಮೇಲೆ ಸೋಫಾ ಯಾಕೋ ಮಗನೇ?"

"ಯಾರ ಕೆಲಸ ಹೋಯ್ತು?"

ಆಮೇಲೆ ಬಿಡಿಸಿ ಹೇಳಿದರು. ಸುಪ್ರೀತ್ ಯಾವುದೋ ಕಂಪನಿಯ ಹಾಡುಗಳನ್ನು ಕಾಲೇಜಿನ ಹುಡುಗರಿಗೆಲ್ಲ ಕಂಪ್ಯೂಟರಿನಲ್ಲಿ ಷೇರ್ ಮಾಡಿದ್ದನಂತೆ. ಕಂಪನಿಯ ವಕೀಲರು ಹಿಡಿದರಂತೆ. ದಂಡ ಕಟ್ಟಿ, ಇನ್ನು ಮಾಡೆನೆಂದು ಸಹಿ ಹಾಕಿದರೆ ರಾಜಿ. ಇಲ್ಲವಾದರೆ ಕೋರ್ಟು, ಕಾಲೇಜಿನ ಸೀಟಿಗೂ ಸಂಚಕಾರ. ಆ ರಾಜಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರಂತೆ! ನನ್ನ ತಲೆಯೊಳಗೆ ಯಾರೋ ಮುದ್ದೆಗೆ ಹಿಟ್ಟು ತೊಳಸಿದಂತಾಯಿತು. ಹಾಡು ಹಂಚಿದರೆ ದಂಡವೇ? ಒಂದೇ ಮಾತಿಗೆ ಇಷ್ಟು ವೇಷವೇ?

"ಅಲ್ಲಮ್ಮ," ಎಂದೆ ಸೊಸೆಗೆ, "ಅವನೂ ಹಂಚಿದ, ನಾನೂ ಹಂಚಿದೆ. ಅವನಿಗೆ ರಾಜಿ, ನನಗೆ ಮಾತ್ರ ಈ ಕೆಂಗಣ್ಣೇ?"

"ಮಾವ, ಅವನು ಊರಿಗೆಲ್ಲ ಹಂಚಿದರೂ ಹಾಡು ಅವನ ಹತ್ತಿರವೇ ಉಳಿದಿತ್ತು. ನನ್ನ ಗ್ರೈಂಡರ್ ಉಳಿದಿದೆಯಾ?"

ಎದುರುಮನೆಯಿಂದ ಗರಗರ ಸದ್ದು ಬರುತ್ತಿತ್ತು. ಹೋಗಿ ಕೇಳಿ ತರದೆ ದಾರಿಯಿಲ್ಲ. ಮೀಸೆ ತಿರುವಿ, ಗಂಟಲು ಸರಿಮಾಡಿಕೊಂಡು ಬಾಗಿಲು ತೆರೆದೆ. ಹೊಸಿಲಲ್ಲೇ ನೊರ್ಬರ್ಟ್ ನಿಂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್.

"ನಾಳೆ ನನಗೆ ಡ್ಯೂಟಿ ಉಂಟು ಮಾರಾಯ್ರೆ. ಟಿವಿ ಈಗಲೇ ಬಿಚ್ಚಲಾ?"